ತೇಲುವ ಕುದುರೆ

ಗಿಟಾರಿನ ಏಳು ತಂತಿಗಳನ್ನೂ ಒಂದೇ ಸಲ ಬಿಚ್ಚಿಬಿಟ್ಟೆ. ಕೊನೆಯದು ಸಡಿಲವಾಗುತ್ತಿದ್ದಂತೆ ತಂತಿಗಳು ಕೂರುವ ಬ್ರಿಡ್ಜ್, ಅಂದರೆ ಕುದುರೆ, ಟಕ್ಕೆಂದು ಹಿಂದಕ್ಕೆ ಕುಸಿದು, ಅದರ ಕೆಳಗೆ ಮರದಲ್ಲಿ ಕೊರೆದಿರುವ ಗುಂಡಿಯೊಳಗೆ ಕೂತುಬಿಟ್ಟಿತು. ರಾತ್ರಿ ಹನ್ನೊಂದು ಗಂಟೆ. ಮೈಸೂರಿನ ಸರಸ್ವತಿಪುರಂ ಮನೆಯ ಮಹಡಿ ಕೋಣೆ, ಮಂಚದ ಮೇಲೆ ಗಿಟಾರ್, ಸುತ್ತ ಸುರುಳಿಯಾಗಿ ಬಿದ್ದ ಹಳೇ ತಂತಿಗಳು. ಮಂಡ್ಯದಿಂದ ತಂದು ಮೂರು ದಿನವೂ ಆಗಿರಲಿಲ್ಲ. ಏನೋ ಮುರಿದೇ ಹೋಯಿತು ಅಂದುಕೊಂಡು ದೀಪ ಆರಿಸಿ ಮಲಗಿದೆ. ನಿದ್ದೆ ಬರಲಿಲ್ಲ.

ಏನೂ ಮುರಿದಿರಲಿಲ್ಲ ಎಂಬುದು ಬೆಳಿಗ್ಗೆ ಹಿಂಬದಿಯ ಪ್ಲಾಸ್ಟಿಕ್ ಮುಚ್ಚಳ ಬಿಚ್ಚಿದಾಗ ಗೊತ್ತಾಯಿತು. ಒಳಗೆ ಮೂರು ಸ್ಪ್ರಿಂಗ್‌ಗಳಿದ್ದವು. ಒಂದು ತುದಿ ಬ್ರಿಡ್ಜಿನ ಕೆಳಗೆ ಇಳಿಬಿದ್ದಿರುವ ಲೋಹದ ದಿಮ್ಮಿಗೆ, ಇನ್ನೊಂದು ತುದಿ ಮರಕ್ಕೆ ಎರಡು ಸ್ಕ್ರೂಗಳಿಂದ ಹಿಡಿಸಿದ ತಗಡಿನ ಪಂಜಕ್ಕೆ. ಮುಂದಿನಿಂದ ತಂತಿಗಳು ಎಳೆಯುತ್ತವೆ, ಹಿಂದಿನಿಂದ ಸ್ಪ್ರಿಂಗ್‌ಗಳು ಎಳೆಯುತ್ತವೆ. ಎರಡು ಕಂಬಗಳಿಗೆ ಚಾಕುವಿನಂಥ ಅಂಚನ್ನು ತಾಗಿಸಿಕೊಂಡು ಬ್ರಿಡ್ಜ್ ನಡುವೆ ನಿಂತಿರುತ್ತದೆ. ಮರಕ್ಕೆ ಅದು ಅಂಟಿಕೊಂಡೇ ಇಲ್ಲ, ತೇಲುತ್ತಿದೆ. ಒಂದು ಕಡೆಯ ಎಳೆತವನ್ನು ನಾನು ಪೂರ್ತಿ ತೆಗೆದಿದ್ದೆ, ಇನ್ನೊಂದು ಕಡೆ ಗೆದ್ದಿತ್ತು, ಅಷ್ಟೇ.

ಈ ಗಿಟಾರನ್ನು ಮಂಡ್ಯದ ಒಬ್ಬ ಹುಡುಗನಿಂದ ಸೆಕೆಂಡ್ ಹ್ಯಾಂಡ್ ಕೊಂಡಿದ್ದು. ಅವನು ನನ್ನ ತಮ್ಮನ ಕಾಲೇಜಿನ ಗೆಳೆಯ. ಪ್ಯಾಸೆಂಜರ್ ರೈಲಿನಲ್ಲಿ ಹೋಗಿ, ನುಡಿಸಿ ನೋಡಿ, ಬ್ಯಾಗಿಗೆ ಹಾಕಿಕೊಂಡು ಬಂದೆ. ಹೊರಡುವಾಗ ಅವನು ಸ್ಟೇಷನ್ನಿನಲ್ಲಿ ಒಂದೇ ಮಾತು ಹೇಳಿದ್ದ: "ಅಕ್ಕ, ತಂತಿ ಒಂದೊಂದಾಗೇ ಬದಲಾಯ್ಸಿ. ಎಲ್ಲಾ ಒಂದೇ ಕಿತ ಬಿಚ್ಬ್ಯಾಡಿ ಕಣಕ್ಕ." ಹೂಂ ಅಂದಿದ್ದೆ. ಆ ಮಾತಿನ ತೂಕ ಆಗ ತಿಳಿದಿರಲಿಲ್ಲ.

ಏಳು ತಂತಿಯ ಗಿಟಾರ್ ಯಾಕೆ ಬೇಕಿತ್ತು ಅಂತ ಮನೆಯಲ್ಲಿ ಎಲ್ಲರೂ ಕೇಳಿದರು, ಅತ್ತೆ ಒಬ್ಬರನ್ನು ಬಿಟ್ಟು. ಅಗ್ರಹಾರದಲ್ಲಿರುವ ನನ್ನ ಸೋದರತ್ತೆ ಐವತ್ತು ವರ್ಷದಿಂದ ವೀಣೆ ನುಡಿಸುತ್ತಿರುವವರು. ಗಿಟಾರನ್ನು ಮಡಿಲಲ್ಲಿ ಇಟ್ಟುಕೊಂಡು ಅವರು ಮೊದಲು ಮಾಡಿದ್ದು ಎಣಿಸುವುದು. "ಏಳು ತಂತಿ. ಇಪ್ಪತ್ನಾಲ್ಕು ಮೆಟ್ಟಿಲು. ನಮ್ಮ ವೀಣೆ ಲೆಕ್ಕವೇ ಬಂತಲ್ಲೇ!" ನಿಜ. ಸರಸ್ವತಿ ವೀಣೆಗೂ ನುಡಿಸುವ ನಾಲ್ಕು, ತಾಳದ ಮೂರು ಸೇರಿ ಏಳೇ ತಂತಿ, ಮೇಣದ ಮೇಳದ ಮೇಲೆ ಕೂರಿಸಿದ 24 ಮೆಟ್ಟಿಲು. ಅಲ್ಲಿಂದ ಮಾತು ಪಿಟೀಲು ಚೌಡಯ್ಯನವರಿಗೆ ಹೋಯಿತು. ತಿರುಮಕೂಡಲಿನವರು, ಬಿಡಾರಂ ಕೃಷ್ಣಪ್ಪನವರ ಶಿಷ್ಯರು. ಮೈಕ್ ಇಲ್ಲದ ಸಭೆಗಳಲ್ಲಿ ಹಿಂದಿನ ಸಾಲಿಗೂ ನಾದ ಮುಟ್ಟಲೆಂದು ನಾಲ್ಕು ತಂತಿಯ ಪಿಟೀಲಿಗೆ ಇನ್ನೂ ಮೂರು ಸೇರಿಸಿ ಏಳು ಮಾಡಿದವರು. ನನ್ನ ವಾದ್ಯದಲ್ಲಿ ಏಳನೆಯ ತಂತಿ ಬಂದಿರುವುದು ಇನ್ನೂ ಕೆಳಗಿನ ಸ್ವರಕ್ಕಾಗಿ. ಸಾಮಾನ್ಯ ಗಿಟಾರಿನ ಅತಿ ದಪ್ಪ ತಂತಿಯ ಸ್ವರ ಪಾಶ್ಚಾತ್ಯ ಹೆಸರಿನಲ್ಲಿ ಇ (E), ಸುಮಾರು 82 ಹರ್ಟ್ಸ್. ಇದರಲ್ಲಿ ಅದಕ್ಕೂ ಕೆಳಗೆ ಒಂದು ಬಿ (B) ಇದೆ, ಸುಮಾರು 62 ಹರ್ಟ್ಸ್. ಇ ಅನ್ನು ಷಡ್ಜ ಮಾಡಿಕೊಂಡರೆ ಈ ಬಿ ಮಂದ್ರದ ಪಂಚಮ. ನನಗೆ ಬೇಕಿದ್ದುದು ಅದೇ: ಮೆಟಲ್ ಸಂಗೀತ ಬಾರಿಸುವಾಗ ಎದೆಗೆ ಬಡಿಯುವ ಆ ಆಳ, ರಾಗ ನುಡಿಸುವಾಗ ಕೆಳಗೆ ಹರಿಯುವ ಆ ಪಂಚಮ.

ಜಾಝ್ ವಾದಕ ಜಾರ್ಜ್ ವ್ಯಾನ್ ಎಪ್ಸ್ 1930ರ ದಶಕದಲ್ಲೇ ಏಳು ತಂತಿಯದನ್ನು ಮಾಡಿಸಿಕೊಂಡಿದ್ದರು. 1990ರಲ್ಲಿ ಐಬನೆಝ್ ಕಂಪನಿ ಗಿಟಾರ್ ವಾದಕ ಸ್ಟೀವ್ ವಾಯ್ ಅವರೊಂದಿಗೆ ಯೂನಿವರ್ಸ್ ಎಂಬ ಮಾದರಿ ತಂದಾಗ ಏಳು ತಂತಿಯೂ ತೇಲುವ ಬ್ರಿಡ್ಜೂ ಒಂದೇ ವಾದ್ಯದಲ್ಲಿ ಅಂಗಡಿಗೆ ಬಂದವು. ಬ್ರಿಡ್ಜಿನ ಮೂಲ ಕಲ್ಪನೆ ಫ್ಲಾಯ್ಡ್ ರೋಸ್ ಎಂಬ ಗಿಟಾರ್ ವಾದಕರದು, 1970ರ ದಶಕದ ಕೊನೆಯದು. ಅವರು ಆಗ ಒಡವೆ ಮಾಡುವ ಕೆಲಸವನ್ನೂ ಮಾಡುತ್ತಿದ್ದರು. ಲೋಹ ಕೊರೆಯುವ ಸಲಕರಣೆ ಕೈಯಲ್ಲಿತ್ತು. ಸ್ವರ ಬಾಗಿಸಲು ಬ್ರಿಡ್ಜಿಗೆ ಸಿಕ್ಕಿಸಿದ ಬಾರ್ (ಸಣ್ಣ ಲೋಹದ ಹಿಡಿ) ಒತ್ತಿದಾಗಲೆಲ್ಲ ತಂತಿ ನಟ್ಟಿನಲ್ಲಿ, ಅಂದರೆ ಕತ್ತಿನ ಬಿರಡೆ ಕಡೆಯ ತುದಿಯಲ್ಲಿ ತಂತಿ ಕೂರುವ ಪಟ್ಟಿಯಲ್ಲಿ, ಜಾರಿ ಶ್ರುತಿ ತಪ್ಪುತ್ತದೆ, ಹಾಗಾದರೆ ತಂತಿಯನ್ನು ಅಲ್ಲೇ ಕಚ್ಚಿ ಹಿಡಿಯೋಣ ಅನ್ನುವುದು ಅವರ ಯೋಚನೆ. ಬಿರಡೆಯ ಕಡೆ ಒಂದು ಬೀಗ, ಬ್ರಿಡ್ಜಿನ ಕಡೆ ಒಂದು ಬೀಗ. ಬೀಗ ಹಾಕಿದ ಮೇಲೆ ಬಿರಡೆ ತಿರುಗಿಸಿ ಪ್ರಯೋಜನವಿಲ್ಲವಲ್ಲ, ಅದಕ್ಕೆ ಬ್ರಿಡ್ಜಿನ ಮೇಲೆಯೇ ಶ್ರುತಿಯನ್ನು ಚೂರುಚೂರೇ ತಿದ್ದುವ ಪುಟ್ಟ ಫೈನ್ ಟ್ಯೂನರ್‌ಗಳು ಆಮೇಲೆ ಸೇರಿದವು. ಅತ್ತೆಗೆ ಇದನ್ನು ವಿವರಿಸುವ ಅಗತ್ಯವೇ ಬೀಳಲಿಲ್ಲ. ವೀಣೆಯ ತಂತಿ ಕಟ್ಟುವ ತುದಿಯ ಲಂಗರಿನಲ್ಲಿ ಬಳೆಯಂಥ ಸಣ್ಣ ಉಂಗುರಗಳನ್ನು ಸರಿಸಿ ಅವರು ಮಾಡುವುದೂ ಅದೇ.

ಸರಿ, ನನ್ನ ಕೆಲಸಕ್ಕೆ ಬರುತ್ತೇನೆ.

ಹಿಂದಿನವನು ತೆಳು ತಂತಿ ಹಾಕಿದ್ದ, 9ರಿಂದ 54ರ ಸೆಟ್ (ಇಂಚಿನ ಸಾವಿರದ ಒಂದು ಭಾಗದ ಲೆಕ್ಕದಲ್ಲಿ ತಂತಿಯ ದಪ್ಪ). ನನಗೆ ಕೆಳಗಿನ ಬಿ ತಂತಿ ಜೋಲುತ್ತಿದೆ ಅನಿಸಿ 10ರಿಂದ 59ರ ಸೆಟ್ ತಂದಿದ್ದೆ. ಗಟ್ಟಿ ತಂತಿ ಹಾಕಿದರೆ ಒಳ್ಳೆಯ ನಾದ ಬರುತ್ತದೆ, ಅಷ್ಟೇ ಯೋಚಿಸಿದ್ದು. ತೇಲುವ ಬ್ರಿಡ್ಜಿನಲ್ಲಿ ಅದು ಅಷ್ಟಕ್ಕೇ ಮುಗಿಯುವುದಿಲ್ಲ. 648 ಮಿ.ಮೀ. ಉದ್ದದ ಗಿಟಾರಿನಲ್ಲಿ ಹೊಸ ಏಳು ತಂತಿಗಳೂ ಶ್ರುತಿಗೆ ಬಂದಾಗ ಒಟ್ಟು ಎಳೆತ ಸುಮಾರು 55 ಕೆಜಿ. ಹಳೆಯದಕ್ಕಿಂತ ಎಂಟೊಂಬತ್ತು ಕೆಜಿ ಹೆಚ್ಚು. ತಕ್ಕಡಿಯ ಒಂದು ತಟ್ಟೆಗೆ ಅಷ್ಟು ತೂಕ ಸೇರಿಸಿ ಇನ್ನೊಂದನ್ನು ಮುಟ್ಟದೆ ಬಿಟ್ಟರೆ ಏನಾಗಬೇಕೋ ಅದೇ ಆಯಿತು. ಶ್ರುತಿ ಮಾಡುತ್ತಾ ಹೋದಂತೆ ಬ್ರಿಡ್ಜಿನ ಹಿಂಭಾಗ ಎದ್ದಿತು, ತಂತಿಗಳು ಫ್ರೆಟ್ಟಿನಿಂದ, ಅಂದರೆ ಮೆಟ್ಟಿಲಿನಿಂದ, ಬೆರಳು ತೂರುವಷ್ಟು ಮೇಲೆ ಹೋದವು.

ಅದಕ್ಕಿಂತ ಸುಸ್ತು ಮಾಡಿದ್ದು ಶ್ರುತಿಯೇ. ದಪ್ಪ ಬಿ ತಂತಿಯನ್ನು ಸರಿಯಾಗಿ ತಂದೆ. ಇ ಬಿಗಿದೆ, ಬಿ ಇಳಿಯಿತು. ಎ ಬಿಗಿದೆ, ಬಿ, ಇ ಎರಡೂ ಇಳಿದವು. ಏಳನೆಯದನ್ನು ಮುಟ್ಟುವ ಹೊತ್ತಿಗೆ ಮೊದಲನೆಯದು ಒಂದೂವರೆ ಸ್ವರ ಕೆಳಗೆ. ಮತ್ತೆ ಮೊದಲಿನಿಂದ. ಒಂದು ಇಡೀ ಭಾನುವಾರ ಹೀಗೆ ಹೋಯಿತು. ಪ್ರತಿ ತಂತಿಯೂ ಅದೇ ಬ್ರಿಡ್ಜನ್ನು ಎಳೆಯುತ್ತಿರುವುದರಿಂದ ಒಂದನ್ನು ಬಿಗಿದಾಗಲೆಲ್ಲ ಬ್ರಿಡ್ಜ್ ಕೂದಲೆಳೆಯಷ್ಟು ಮುಂದಕ್ಕೆ ಬಾಗುತ್ತದೆ, ಉಳಿದ ಆರೂ ಸಡಿಲವಾಗುತ್ತವೆ. ಆರು ತಂತಿಯದರಲ್ಲೂ ಇದು ಇದ್ದದ್ದೇ. ಏಳರಲ್ಲಿ ಆ ದಪ್ಪ ಬಿ ಒಂದೇ ಎಲ್ಲವನ್ನೂ ಅಲ್ಲಾಡಿಸಿಬಿಡುತ್ತದೆ.

ಮಂಡ್ಯದ ಹುಡುಗನಿಗೆ ಫೋನ್ ಮಾಡಿದೆ. "ಅಕ್ಕ, ಹಂಗೆ ಸುತ್ತಾಕಂಡು ಕೂತ್ರೆ ಸಾಯಂಕಾಲ ಆಯ್ತದೆ. ಒಂದ್ ಮರದ್ ತುಂಡು ಹುಡುಕ್ಕಳಿ" ಅಂದ.

ಆ ಮರದ ತುಂಡೇ ನನ್ನ ಇಡೀ ಕೆಲಸವನ್ನು ಬದಲಿಸಿತು, ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಹಿಂಬದಿಯ ಗುಂಡಿಯಲ್ಲಿ ಲೋಹದ ದಿಮ್ಮಿಗೂ ಗಿಟಾರಿನ ಬುಡದ ಕಡೆಯ ಗೋಡೆಗೂ ನಡುವೆ ಒಂದು ಸಂದು ಇರುತ್ತದೆ. ಮೊದಲು ಬ್ರಿಡ್ಜನ್ನು ಕೈಯಿಂದ ಹಿಡಿದು ಗಿಟಾರಿನ ಮೈಗೆ ಸಮಾನಾಂತರವಾಗಿ ನಿಲ್ಲಿಸಿ, ಆಗ ಆ ಸಂದು ಎಷ್ಟಿದೆ ಅಂತ ಅಳೆಯಬೇಕು. ಅಷ್ಟೇ ದಪ್ಪದ ಗಟ್ಟಿ ಮರದ ಚೂರು ಅಲ್ಲಿ ಕೂರಬೇಕು. ನಮ್ಮ ಬೀದಿ ತುದಿಯಲ್ಲಿ ಬಾಗಿಲು ಕಿಟಕಿ ಮಾಡುವ ಆಚಾರ್ರ ಹತ್ತಿರ ಹೋಗಿ ಅಳತೆ ಹೇಳಿದೆ. ಅವರು ತೇಗದ ತುಂಡೊಂದನ್ನು ಉಜ್ಜಿ ಕೊಟ್ಟರು. ಒಂದು ಕಡೆ ಕೊಂಚ ದಪ್ಪ ಅನಿಸಿತು. "ಇನ್ನೊಂಚೂರು ತೆಗೀಬೇಕೇನಮ್ಮ?" ಅಂತ ಮರಳು ಕಾಗದದಲ್ಲಿ ಮತ್ತೆ ಉಜ್ಜಿದರು. ದುಡ್ಡು ತೆಗೆದುಕೊಳ್ಳಲಿಲ್ಲ.

ತುಂಡನ್ನು ಸಂದಿನಲ್ಲಿಟ್ಟು ಪಂಜದ ಸ್ಕ್ರೂಗಳನ್ನು ಸ್ವಲ್ಪ ಸಡಿಲ ಬಿಟ್ಟೆ. ಈಗ ತಂತಿಗಳು ಎಳೆದಾಗ ದಿಮ್ಮಿ ಮರಕ್ಕೆ ಒತ್ತಿಕೊಂಡು ನಿಲ್ಲುತ್ತದೆ, ಬ್ರಿಡ್ಜ್ ಅಲ್ಲಾಡುವುದಿಲ್ಲ. ಏಳು ತಂತಿಗಳನ್ನೂ ಮಾಮೂಲಿ ಗಿಟಾರಿನಂತೆ ಶ್ರುತಿ ಮಾಡಿದೆ. ಹತ್ತು ನಿಮಿಷ! ಭಾನುವಾರವಿಡೀ ಬಾರದ್ದು ಹತ್ತು ನಿಮಿಷದಲ್ಲಿ ಬಂತು. ಆಮೇಲೆ ಎರಡೂ ಸ್ಕ್ರೂಗಳನ್ನು ಅರ್ಧರ್ಧ ಸುತ್ತು ಬಿಗಿಯುತ್ತಾ ಹೋದೆ. ಸ್ಪ್ರಿಂಗ್‌ಗಳ ಎಳೆತ ತಂತಿಗಳ ಎಳೆತಕ್ಕೆ ಸಮವಾಗುವ ಹೊತ್ತಿಗೆ ಮರದ ಮೇಲಿನ ಒತ್ತಡ ಇಲ್ಲವಾಗಿ ತುಂಡು ತಾನಾಗಿಯೇ ಸಡಿಲವಾಗಬೇಕು.

ಸಡಿಲವಾಗಲಿಲ್ಲ. ಸ್ಕ್ರೂಗಳು ಮರದೊಳಕ್ಕೆ ಪೂರ್ತಿ ಇಳಿದವು, ತುಂಡು ಹಾಗೇ ಬಿಗಿಯಾಗಿ ಕೂತಿತ್ತು. ಮೂರು ಸ್ಪ್ರಿಂಗ್‌ಗಳು ಈ ತಂತಿಗಳಿಗೆ ಸಾಲವು ಎಂದರ್ಥ. ತಂತಿ ಸಡಿಲಿಸಿ ನಾಲ್ಕನೆಯ ಸ್ಪ್ರಿಂಗ್ ಹಾಕಿ ಮತ್ತೆ ಶುರು ಮಾಡಿದೆ. ಈ ಸಲ ಸ್ಕ್ರೂಗಳು ಅರ್ಧದಾರಿಯಲ್ಲಿರುವಾಗಲೇ ಮರದ ತುಂಡು ಒಂಚೂರು ಅಲ್ಲಾಡಿತು. ಇನ್ನೊಂದು ಕಾಲು ಸುತ್ತು. ಗಿಟಾರ್ ಎತ್ತಿದೆ, ತುಂಡು ಜಾರಿ ಮಂಚದ ಮೇಲೆ ಬಿತ್ತು. ಶ್ರುತಿ ತೋರಿಸುವ ಟ್ಯೂನರ್ ನೋಡಿದೆ, ಎಲ್ಲ ತಂತಿಗಳೂ ಇದ್ದಲ್ಲೇ ಇವೆ. ಬ್ರಿಡ್ಜಿನ ಪಕ್ಕಕ್ಕೆ ಕಣ್ಣಿಟ್ಟು ನೋಡಿದರೆ ನೀರಿನ ಮೇಲಿಟ್ಟ ಹಲಗೆಯಂತೆ ಸಮ. ಬಾರ್ ಒತ್ತಿ ಬಿಟ್ಟೆ, ವಾಪಸ್ ಅಲ್ಲಿಗೇ ಬಂತು. ಅವತ್ತು ನನಗಾದ ಸಂತೋಷ ದೊಡ್ಡದು.

ಆದರೆ ಕೆಲಸದ ಕ್ರಮ ತಪ್ಪಿದ್ದೆ, ಮತ್ತು ಅದಕ್ಕೆ ಇನ್ನೊಂದು ವಾರ ಹಿಡಿಯಿತು. ಸಮಕ್ಕೆ ತಂದ ಮೇಲೆ ನೋಡಿದರೆ ಗಿಟಾರಿನ ಕತ್ತು ತುಸು ಹೆಚ್ಚೇ ಬಾಗಿತ್ತು. ಹೊಸ ತಂತಿಗಳ ಎಳೆತ ಅದನ್ನೂ ಬಿಟ್ಟಿರಲಿಲ್ಲ. ಕತ್ತಿನೊಳಗೆ ಬಾಗು ತಿದ್ದಲು ಇರುವ ಲೋಹದ ಸರಳನ್ನು, ಅಂದರೆ ಟ್ರಸ್ ರಾಡನ್ನು, ತಿರುಗಿಸಿದರೆ ತಂತಿಯ ಎಳೆತ ಬದಲಾಗುತ್ತದೆ, ಎಳೆತ ಬದಲಾದರೆ ಬ್ರಿಡ್ಜ್ ಸಮ ತಪ್ಪುತ್ತದೆ. ಫ್ರೆಟ್ಟಿನಿಂದ ತಂತಿಯ ಎತ್ತರ ಬದಲಿಸಿದರೂ ಅದೇ ಕಥೆ. ಹಾಗಾಗಿ ಈಗ ನನ್ನ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದಿಟ್ಟಿದ್ದೇನೆ: ಮೊದಲು ತಂತಿ ಮತ್ತು ಶ್ರುತಿ ಯಾವುದೆಂದು ತೀರ್ಮಾನ, ಆಮೇಲೆ ಕತ್ತು, ಆಮೇಲೆ ಎತ್ತರ, ಆಮೇಲೆ ಬ್ರಿಡ್ಜ್ ಸಮ, ಕೊನೆಗೆ ಇಂಟೊನೇಷನ್, ಅಂದರೆ ಪ್ರತಿ ಫ್ರೆಟ್ಟಿನಲ್ಲೂ ಸ್ವರ ಸರಿಯಾಗಿ ಬರುವಂತೆ ತಂತಿಯ ಉದ್ದ ತಿದ್ದುವುದು. ತಂತಿಯ ದಪ್ಪವನ್ನು ಆಗಾಗ ಬದಲಿಸುವ ಚಪಲ ಇದ್ದವರಿಗೆ ಈ ಬ್ರಿಡ್ಜ್ ಬೇಡ. ದಪ್ಪ ತಂತಿಯೊಂದನ್ನೇ ಇಳಿಸುವ ಡ್ರಾಪ್ ಟ್ಯೂನಿಂಗಿಗೆ ನಿಂತ ನಿಲುವಿನಲ್ಲಿ ಹೋಗಿಬರುವವರಿಗಂತೂ ಬೇಡವೇ ಬೇಡ. ಒಂದು ತಂತಿ ಇಳಿಸಿದರೆ ಉಳಿದ ಆರೂ ಏರುತ್ತವೆ.

ಕತ್ತಿನ ಬಾಗು ಅಳೆಯಲು ಫೀಲರ್ ಗೇಜ್ ಬೇಕು. ಬೈಕ್ ಮೆಕ್ಯಾನಿಕ್‌ಗಳು ಟ್ಯಾಪೆಟ್ ಸಂದು ನೋಡುವ ಎಲೆ ಎಲೆ ತಗಡು ಇದೆಯಲ್ಲ, ಅದೇ. ನಮ್ಮ ಸ್ಕೂಟರ್ ರಿಪೇರಿ ಮಾಡುವವರ ಹತ್ತಿರ ಒಂದು ಸಂಜೆಗೆ ಕೇಳಿ ತಂದೆ. ಆರನೆಯ ತಂತಿಯನ್ನು ಮೊದಲ ಫ್ರೆಟ್ಟಿನಲ್ಲೂ ಕತ್ತು ಮೈಗೆ ಸೇರುವಲ್ಲೂ ಒತ್ತಿ ಹಿಡಿದು, ಎಂಟನೆಯ ಫ್ರೆಟ್ಟಿನ ಮೇಲೆ ಸಂದು ನೋಡಿದರೆ 0.4 ಮಿ.ಮೀ. ಇತ್ತು. ರಾಡನ್ನು ಕಾಲು ಸುತ್ತು ಬಿಗಿದು ರಾತ್ರಿಯಿಡೀ ಬಿಟ್ಟೆ, ಮಾರನೆಯ ದಿನ ಇನ್ನೂ ಸ್ವಲ್ಪ. 0.2ಕ್ಕೆ ಬಂದಾಗ ನಿಲ್ಲಿಸಿದೆ. ಮರಕ್ಕೆ ಅವಸರ ಮಾಡಬಾರದು. ಒಂದೇ ಸಲ ಒಂದು ಸುತ್ತು ತಿರುಗಿಸಿ ರಾಡ್ ಕೆಡಿಸಿಕೊಂಡವರನ್ನು ನೋಡಿದ್ದೇನೆ.

ಎತ್ತರವನ್ನು 12ನೆಯ ಫ್ರೆಟ್ಟಿನಲ್ಲಿ ದಪ್ಪ ಬಿ ತಂತಿಗೆ 2 ಮಿ.ಮೀ., ತೆಳು ಇ ತಂತಿಗೆ 1.5 ಮಿ.ಮೀ. ಇಟ್ಟಿದ್ದೇನೆ. ಇಲ್ಲಿ ಒಂದು ಎಚ್ಚರಿಕೆ: ತಂತಿಗಳು ಪೂರ್ತಿ ಬಿಗಿಯಾಗಿರುವಾಗ ಕಂಬಗಳ ಸ್ಕ್ರೂ ತಿರುಗಿಸಬಾರದು. ಆ ಚಾಕುವಿನಂಥ ಅಂಚೇ ಈ ಬ್ರಿಡ್ಜಿನ ಜೀವ. 55 ಕೆಜಿ ಭಾರದಲ್ಲಿ ಕಂಬಕ್ಕೆ ತಿಕ್ಕಿದರೆ ಅಂಚು ಮೊಂಡಾಗುತ್ತದೆ, ಆಮೇಲೆ ಬಾರ್ ಒತ್ತಿ ಬಿಟ್ಟಾಗ ಬ್ರಿಡ್ಜ್ ಹೊರಟಲ್ಲಿಗೆ ಸರಿಯಾಗಿ ವಾಪಸ್ ಬರುವುದಿಲ್ಲ. ಸಡಿಲಿಸಿ ತಿರುಗಿಸಬೇಕು, ತಿರುಗಿಸಿ ಮತ್ತೆ ಬಿಗಿಯಬೇಕು. ಬೇಸರದ ಕೆಲಸವೇ. ಮಾಡಲೇಬೇಕು.

ಇಂಟೊನೇಷನ್ನಿನಲ್ಲಿ ಆರು ತಂತಿಗಳು ಬೇಗ ಮುಗಿದವು. ದಪ್ಪ ಬಿ ಮಾತ್ರ 12ನೆಯ ಫ್ರೆಟ್ಟಿನಲ್ಲಿ ಒತ್ತಿದಾಗ ಅಲ್ಲೇ ಒತ್ತದೆ ಬೆರಳು ತಾಗಿಸಿ ಮೀಟಿದರೆ ಬರುವ ಹಾರ್ಮೋನಿಕ್ಕಿಗಿಂತ ಏರುತ್ತಲೇ ಇತ್ತು. ಬ್ರಿಡ್ಜಿನ ಮೇಲೆ ಆ ತಂತಿ ಕೂರುವ ಸ್ಯಾಡಲನ್ನು ಹಿಂದೆ ಹಿಂದೆ ಸರಿಸಿ, ಇನ್ನು ಜಾಗವೇ ಇಲ್ಲ ಅನ್ನುವಲ್ಲಿಗೆ ಬಂದಾಗ ಸರಿಯಾಯಿತು. ಪ್ರತಿ ಸಲ ಸರಿಸುವ ಮುಂಚೆ ಆ ತಂತಿ ಇಳಿಸಬೇಕು, ಇಳಿಸಿದರೆ ಬ್ರಿಡ್ಜ್ ಕುಸಿಯುತ್ತದೆ, ಆದ್ದರಿಂದ ಬ್ರಿಡ್ಜಿನ ಹಿಂಭಾಗದ ಕೆಳಗೆ ಮಡಿಸಿದ ಬಟ್ಟೆ ತುರುಕಿ ಕೆಲಸ ಮಾಡಿದೆ. ತಂತಿ ಬದಲಿಸುವಾಗಲೂ ಈಗ ಅದೇ ಬಟ್ಟೆ, ಜೊತೆಗೆ ಒಂದೊಂದೇ ತಂತಿ.

ಕೊನೆಗೆ ಬೀಗ. 3 ಮಿ.ಮೀ. ಅಲೆನ್ ಕೀಯಲ್ಲಿ ನಟ್ ಬಿಗಿದ ಕೂಡಲೆ ಎಲ್ಲ ತಂತಿಗಳೂ ಏರಿಬಿಟ್ಟವು. ಕಾರಣ ಹುಡುಕುತ್ತಾ ಹೋದರೆ, ನಟ್ಟಿನ ಹಿಂದೆ ತಂತಿಗಳನ್ನು ಒತ್ತಿ ಹಿಡಿಯುವ ಅಡ್ಡಪಟ್ಟಿ ಸಡಿಲವಾಗಿತ್ತು. ತಂತಿಗಳು ನಟ್ಟಿಗೆ ತಾಗದೆ ಮೇಲೆ ನಿಂತಿದ್ದವು. ಬೀಗ ಅವನ್ನು ಕೆಳಕ್ಕೆ ಒತ್ತಿದಾಗ ಬಿಗಿಯಾಗುತ್ತಿದ್ದವು. ಪಟ್ಟಿಯ ಎರಡು ಸ್ಕ್ರೂ ಬಿಗಿದೆ, ತೊಂದರೆ ಹೋಯಿತು. ಬೀಗ ಹಾಕುವ ಮುಂಚೆ ಫೈನ್ ಟ್ಯೂನರ್‌ಗಳನ್ನೆಲ್ಲ ನಡುವಿಗೆ ತಂದಿಟ್ಟುಕೊಂಡಿದ್ದರೆ ಆಮೇಲೆ ಎರಡೂ ಕಡೆ ತಿರುಗಿಸಲು ಜಾಗ ಇರುತ್ತದೆ. ಇದನ್ನು ಮರೆತು ಎರಡು ಸಲ ಬೀಗ ಬಿಚ್ಚಿದ್ದೇನೆ.

ಮೇ ತಿಂಗಳಿನಲ್ಲಿ ಗಿಟಾರನ್ನು ಅತ್ತೆಯ ಮನೆಗೆ ತೆಗೆದುಕೊಂಡು ಹೋದೆ. ಅವತ್ತು ಅವರು ವೀಣೆಯನ್ನು ಮೇಳ ಕಟ್ಟಲು ಕಳಿಸಿದ್ದರು. ಬಿಸಿಲಿಗೆ ಮೇಣ ಮೆತ್ತಗಾಗಿ ಮೆಟ್ಟಿಲುಗಳು ಕದಲಿದ್ದವು. ಆಂಪ್ಲಿಫೈಯರ್ ಸಣ್ಣಗಿಟ್ಟು, ದಪ್ಪ ಇ ಮತ್ತು ಬಿ ಮೀಟಿ ಬಿಟ್ಟು, ಮೇಲಿನ ಜಿ ತಂತಿಯ ಮೇಲೆ ಕಲ್ಯಾಣಿ ಎಳೆಯಲು ಶುರು ಮಾಡಿದೆ. ಎರಡು ನಿಮಿಷ ಆಗಿರಲಿಲ್ಲ.

"ನಿಲ್ಲಿಸು. ನೀನು ಗಮಕ ಎಳೆದಾಗ ಷಡ್ಜ ಇಳೀತಿದೆ ಕಣೇ."

ನನ್ನ ಕಿವಿಗೆ ಅಲ್ಲಿಯತನಕ ಬಿದ್ದಿರಲಿಲ್ಲ. ಟ್ಯೂನರ್ ಇಟ್ಟು ನೋಡಿದೆ. ಜಿ ತಂತಿಯನ್ನು ಒಂದು ಪೂರ್ಣ ಸ್ವರ ಎಳೆದಾಗ ಇ ತಂತಿ ಮೂವತ್ತು ಸೆಂಟ್ (ಅರ್ಧ ಸ್ವರದ ನೂರನೇ ಒಂದು ಭಾಗ ಒಂದು ಸೆಂಟ್) ಹತ್ತಿರ ಕೆಳಗೆ ಬರುತ್ತಿತ್ತು. ಎಳೆದ ತಂತಿ ಬ್ರಿಡ್ಜನ್ನು ಮುಂದಕ್ಕೆ ಬಾಗಿಸುತ್ತದೆ, ಉಳಿದವು ಸಡಿಲವಾಗುತ್ತವೆ. ಶ್ರುತಿ ಮಾಡುವಾಗ ನನ್ನನ್ನು ಕಾಡಿದ್ದೇ ಇಲ್ಲೂ ಕಾಡುತ್ತಿದೆ. ಮೆಟಲ್ ನುಡಿಸುವಾಗ ಇದು ಕೇಳಿಸುವುದಿಲ್ಲ, ಅಲ್ಲಿ ಎಳೆಯುವ ಹೊತ್ತಿಗೆ ಬೇರೆ ತಂತಿಗಳು ಅಂಗೈ ಕೆಳಗೆ ಸುಮ್ಮನಿರುತ್ತವೆ. ಷಡ್ಜ ನಿರಂತರ ಮೊಳಗುತ್ತಿರಬೇಕಾದ ಸಂಗೀತದಲ್ಲಿ ಅದು ಅಲುಗಿದರೆ ಕೂತ ಜಾಗವೇ ಅಲುಗಿದ ಹಾಗೆ.

"ವೀಣೆ ಕುದುರೆ ಕದಲಲ್ಲ. ನಿನ್ನದು ಕದಲತ್ತೆ. ಕಟ್ಟಿಹಾಕೋಕೆ ಆಗಲ್ವಾ?" ಅಂದರು ಅತ್ತೆ.

ಮನೆಗೆ ಬಂದು ಡ್ರಾಯರ್ ತೆಗೆದೆ. ಆಚಾರ್ರು ಕೊಟ್ಟ ತೇಗದ ತುಂಡು ಅಲ್ಲೇ ಇತ್ತು. ಸಮವಾಗಿ ನಿಂತ ಬ್ರಿಡ್ಜಿನ ಸಂದಿಗೆ ಸರಿಹೊಂದುವಂತೆಯೇ ಉಜ್ಜಿದ್ದು, ಆದ್ದರಿಂದ ಶ್ರುತಿ ಕೆಡದೆ ಒಳಗೆ ಕೂತಿತು. ಜಿ ತಂತಿ ಎಳೆದೆ. ದಿಮ್ಮಿ ಬಾಗಬೇಕಾದ ದಿಕ್ಕಿನಲ್ಲೇ ಮರ ನಿಂತಿದೆ, ಎಲ್ಲಿಗೆ ಬಾಗುತ್ತದೆ? ಇ ಕದಲಲಿಲ್ಲ. ಬಾರನ್ನು ಕೆಳಗೆ ಒತ್ತಲು ಆಗುವುದಿಲ್ಲ, ನಿಜ. ರಾಗ ನುಡಿಸುವ ದಿನ ಬಾರ್ ಬಿಚ್ಚಿಡುತ್ತೇನೆ. ಹಿಂಬದಿಯ ಮುಚ್ಚಳವನ್ನು ಆಮೇಲೆ ಹಾಕಲೇ ಇಲ್ಲ.

ಉಳಿದ ಆರೈಕೆ ಹೆಚ್ಚೇನಿಲ್ಲ. ನುಡಿಸಿದ ಮೇಲೆ ತಂತಿ ಮತ್ತು ಸ್ಯಾಡಲ್‌ಗಳ ಬೆವರು ಒರೆಸುವುದು, ಇಲ್ಲದಿದ್ದರೆ ಸಣ್ಣ ಸ್ಕ್ರೂಗಳಿಗೆ ತುಕ್ಕು ಹಿಡಿದು ಕಚ್ಚಿಕೊಳ್ಳುತ್ತವೆ. ತಂತಿ ಬದಲಿಸುವಾಗ ಚಾಕು ಅಂಚಿಗೆ ಕಡ್ಡಿಯ ತುದಿಯಲ್ಲಿ ಒಂಚೂರು ವ್ಯಾಸಲೀನ್. ಸ್ಪ್ರಿಂಗ್‌ಗಳ ನಡುವೆ ಒಂದು ಸ್ಪಂಜಿನ ತುಂಡು, ಯಾಕೆಂದರೆ ನಾದವನ್ನು ಒರಟಾಗಿಸುವ ಡಿಸ್ಟಾರ್ಷನ್ ಜೋರಾಗಿಟ್ಟು ತಟ್ಟನೆ ನಿಲ್ಲಿಸಿದಾಗ ಸ್ಪ್ರಿಂಗ್‌ಗಳು ಹಿಂದೆ ಕಿಣಿಕಿಣಿ ಅನ್ನುತ್ತಿರುತ್ತವೆ. ನಟ್ಟಿನ ಬೀಗವನ್ನು ಮೈಬಲವೆಲ್ಲ ಹಾಕಿ ಬಿಗಿಯದಿರುವುದು.

ಮಳೆಗಾಲ ಮಾತ್ರ ಲೆಕ್ಕ ಕೇಳುತ್ತದೆ. ಏಪ್ರಿಲ್‌ನ ಒಣ ಹವೆಯಲ್ಲಿ 0.2 ಇದ್ದ ಕತ್ತಿನ ಸಂದು ಜುಲೈ ಹೊತ್ತಿಗೆ, ಬಟ್ಟೆಯೂ ಒಣಗದ ಆ ವಾರಗಳಲ್ಲಿ, 0.3ಕ್ಕೆ ಹೋಗಿತ್ತು. ರಾಡ್ ಒಂದೆಂಟರಷ್ಟು ಸುತ್ತು, ಪಂಜದ ಸ್ಕ್ರೂ ಕಾಲು ಸುತ್ತು, ದಿನಾಂಕ, ಎಲ್ಲವೂ ನೋಟ್‌ಬುಕ್ಕಿನಲ್ಲಿದೆ.

ನವರಾತ್ರಿಯಲ್ಲಿ ಅತ್ತೆಯ ಮನೆಯ ಗೊಂಬೆಗಳ ಮುಂದೆ ಇಬ್ಬರೂ ಕೂತು ನುಡಿಸಿದೆವು. ಅವರ ವೀಣೆಯನ್ನೂ ಇ ಶ್ರುತಿಗೆ ತಂದುಕೊಂಡಿದ್ದರು. ಹೊಸ ಮೇಳ ಕಟ್ಟಿಸಿದ ಮೆಟ್ಟಿಲುಗಳು ಗಟ್ಟಿಯಾಗಿ ಕೂತಿದ್ದವು. ಶುರು ಮಾಡುವ ಮುಂಚೆ ಅವರು ಲಂಗರಿನ ಉಂಗುರ ಸರಿಸಿದರು, ನಾನು ಫೈನ್ ಟ್ಯೂನರ್ ತಿರುಗಿಸಿದೆ. ನನ್ನ ಷಡ್ಜ, ಪಂಚಮಗಳನ್ನು ಮೀಟಿಸಿ, ಮೇಲಿನ ತಂತಿಯನ್ನು ಎಳೆಯಲು ಹೇಳಿ, ಕಣ್ಣು ಮುಚ್ಚಿ ಕೇಳಿದರು. "ಹೂಂ, ನಿಂತಿದೆ" ಅಂದರು. ಒಂದು ಗಂಟೆ ನುಡಿಸಿದೆವು.

ಮಾರನೆಯ ದಿನ ಬೆಳಿಗ್ಗೆ ಮರದ ತುಂಡು ತೆಗೆದು, ಬಾರ್ ಹಾಕಿ, ಟ್ಯೂನರ್ ನೋಡಿದೆ. ದಪ್ಪ ಬಿ ಎರಡು ಸೆಂಟ್ ಇಳಿದಿತ್ತು. ಉಳಿದವು ಸರಿಯಾಗಿದ್ದವು.